ಕಟ್ಟಾ ಎಂಬ ಎರಡಕ್ಷರ

ಮಂಗಳೂರಿನ ಒಂದು ಪತ್ರಿಕೆಯ ಡೆಸ್ಕ್‌ನಲ್ಲಿ ನನ್ನ ಕೆಲಸ. ಸಂಜೆ ಐದಕ್ಕೆ ಬರುವುದು, ರಾತ್ರಿ ಒಂದಕ್ಕೆ ಹೋಗುವುದು. ಏಜೆನ್ಸಿಯಿಂದ ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡ ಮಾಡುವುದು, ಉದ್ದ ಇದ್ದದ್ದನ್ನು ಕತ್ತರಿಸುವುದು, ಹೆಡ್ಡಿಂಗ್ ಕೊಡುವುದು. ನಮ್ಮ ಹೆಸರು ಎಲ್ಲೂ ಅಚ್ಚಾಗುವುದಿಲ್ಲ. ತಪ್ಪಾದ ದಿನ ಮಾತ್ರ "ನಿನ್ನೆ ಡೆಸ್ಕ್‌ನಲ್ಲಿ ಯಾರಿದ್ರು?" ಎಂದು ಕೇಳುತ್ತಾರೆ.

2020ರ ಸೆಪ್ಟೆಂಬರ್ 27, ಭಾನುವಾರ, ಇದ್ದದ್ದು ನಾನು.

ಕೊರೊನಾ ಕಾಲ. ಅರ್ಧ ಜನ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಸೆಪ್ಟೆಂಬರ್ 18ರಂದು ತೀರಿಕೊಂಡಿದ್ದರು. ಆ ಜಾಗಕ್ಕೆ ಟ್ರಂಪ್ ಅವರು ಏಮಿ ಕೋನಿ ಬ್ಯಾರೆಟ್ ಹೆಸರನ್ನು ಹೇಳಿದ್ದು ಅಲ್ಲಿಯ ಶನಿವಾರ ಸಂಜೆ. ನಮಗಾಗ ಭಾನುವಾರದ ಬೆಳಗಿನ ಜಾವ. ಹಾಗಾಗಿ ಸುದ್ದಿ ಸೋಮವಾರದ ಪೇಪರಿಗೆ. ಸಂಜೆ ನಾನು ಬರುವಷ್ಟರಲ್ಲಿ ನಮ್ಮ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಜಗಳ ಹತ್ತಿಕೊಂಡಿತ್ತು. ಒಬ್ಬ "ಇವರು ಚರ್ಚ್ ಹೇಳಿದ ಹಾಗೆ ತೀರ್ಪು ಬರೀತಾರೆ" ಎಂದ. ಇನ್ನೊಬ್ಬ "ದೇವರನ್ನು ನಂಬಿದವರು ಜಡ್ಜ್ ಆಗಬಾರದಾ?" ಎಂದ. ಇಬ್ಬರೂ ಬೆಳ್ತಂಗಡಿ ಆಚೆ ಈಚೆಯವರು. ಅಮೆರಿಕದ ವೀಸಾ ಕೂಡ ಇಲ್ಲ. ಆದರೂ ರಾತ್ರಿವರೆಗೆ ನಿಲ್ಲಿಸಲಿಲ್ಲ. ಜಗಳ ಅಮೆರಿಕದ್ದಲ್ಲ, ನಮ್ಮದೇ ಎಂದು ಹೊಳೆಯಲು ನನಗೆ ಆಮೇಲೆ ಸ್ವಲ್ಪ ಸಮಯ ಬೇಕಾಯಿತು.

ನನಗೆ ಸಿಕ್ಕಿದ್ದು ಮೂರು ಕಾಲಂ ಜಾಗ. ಬ್ಯಾರೆಟ್ ಹೆಸರು ನಮ್ಮ ಓದುಗರಿಗೆ ಗೊತ್ತಿಲ್ಲ, ಹೆಡ್ಡಿಂಗ್‌ನಲ್ಲಿ ಹಾಕಿದರೆ ಯಾರು ಎಂದು ಕೇಳುತ್ತಾರೆ. ಏಜೆನ್ಸಿಯ ಕಾಪಿಯಲ್ಲಿ 'ಡಿವೌಟ್ ಕ್ಯಾಥೋಲಿಕ್' ಎಂದು ಇತ್ತು. ಕೈ ತಾನಾಗಿ ಟೈಪ್ ಮಾಡಿತು: 'ಸುಪ್ರೀಂ ಕೋರ್ಟಿಗೆ ಕಟ್ಟಾ ಕ್ಯಾಥೋಲಿಕ್'. ಕೋ, ಕ, ಕ್ಯಾ. ಪ್ರಾಸ ಕೂತಿತು. ಕನ್ನಡ ಡೆಸ್ಕ್‌ನವರಿಗೆ ಪ್ರಾಸ ಅಂದರೆ ಗೋಳಿಬಜೆ ಇದ್ದ ಹಾಗೆ, ಕಂಡರೆ ಕೈ ಬಿಡುವುದಿಲ್ಲ. ಡೆಸ್ಕ್‌ನ ಮೇಲಿನವರಾದ ಚೀಫ್ ಸಬ್ ನೋಡಿ ತುಳುವಿನಲ್ಲಿ "ಪೊರ್ಲುಂಡು ಮಾರಾಯ", ಚೆನ್ನಾಗಿದೆ ಎಂದರು. ಜಾಗ ಸಾಲದೆ ಕಾಪಿಯ ಕೊನೆಯ ಎರಡು ಪ್ಯಾರಾ ಕತ್ತರಿಸಿದೆ. ಪೇಜ್ ಹೋಯಿತು.

ಸೋಮವಾರ ಸಂಜೆ ಸೀಟಿನಲ್ಲಿ ಕೂರುವ ಮೊದಲೇ ಫೋನ್.

"ಬೆಂದೂರಿನಿಂದ ಮಾತಾಡುವುದು. ನಾನು ರಿಟೈರ್ಡ್ ಟೀಚರ್. ವಿದೇಶದ ಪೇಜ್ ಮಾಡಿದ್ದು ಯಾರು?"

"ನಾನೇ ಟೀಚರ್."

"ಕಳೆದ ವಾರ ಆ ಗಿನ್ಸ್‌ಬರ್ಗ್ ತೀರಿಕೊಂಡಾಗ 'ಯಹೂದಿ ನ್ಯಾಯಮೂರ್ತಿ ನಿಧನ' ಅಂತ ಹಾಕಿದ್ರಾ?"

ಹಾಕಿರಲಿಲ್ಲ. ಮಹಿಳೆಯರ ಹಕ್ಕಿಗಾಗಿ ಹೋರಾಡಿದವರು ಎಂದು ಹಾಕಿದ್ದೆವು. ಅದೂ ನಾನೇ ಕೊಟ್ಟ ಹೆಡ್ಡಿಂಗ್.

"ಅವರದ್ದು ಕೆಲಸ, ಇವರದ್ದು ಜಾತಿ. ಹಾಗಾ? ಇವರು ಲಾ ಪ್ರೊಫೆಸರ್ ಆಗಿದ್ದವರು, ಮೂರು ವರ್ಷದಿಂದ ಅಪೀಲ್ ಕೋರ್ಟಿನ ಜಡ್ಜ್. ಅದು ನಿಮಗೆ ಕಾಣಲೇ ಇಲ್ಲ. ಚರ್ಚಿಗೆ ಹೋಗುವುದು ಮಾತ್ರ ಕಂಡಿತು."

"ಅದೇ ಅಲ್ವಾ ಟೀಚರ್ ವಿವಾದ ಆಗಿರುವುದು?"

"ವಿವಾದ ಇದ್ದರೆ ವಿವಾದ ಎಂತದ್ದು ಅಂತ ಬರೆಯಿರಿ. ನನಗೆ ಓದಲು ಬರುತ್ತದೆ."

ಫೋನ್ ಇಟ್ಟರು. ನನಗೆ ಸಿಟ್ಟು ಬಂತು. ಪಕ್ಕದಲ್ಲಿ ಪ್ರೂಫ್ ನೋಡುತ್ತಿದ್ದ ಹಿರಿಯರು, ನಾವೆಲ್ಲ ಮಾಷ್ಟ್ರೇ ಎಂದು ಕರೆಯುವವರು, ಎಲ್ಲ ಕೇಳಿಸಿಕೊಂಡಿದ್ದರು. ಕಣ್ಣು ಪ್ರೂಫಿನ ಮೇಲೇ ಇಟ್ಟು ಕೇಳಿದರು: "ನಿನ್ನ ಅಮ್ಮ ಸೋಮವಾರ ಸೋಮವಾರ ಕದ್ರಿ ದೇವಸ್ಥಾನಕ್ಕೆ ಹೋಗುತ್ತಾರಲ್ಲ, ಅವರ ಬಗ್ಗೆ ಬರೆಯುವಾಗ ಕಟ್ಟಾ ಹಿಂದೂ ಅಂತ ಬರೀತೀಯಾ?"

"ಇಲ್ಲ. ದೈವಭಕ್ತೆ ಅಂತ..."

"ಮತ್ತೆ?"

ಅಷ್ಟೇ. ಅವರು ಮುಂದಿನ ಪ್ರೂಫಿಗೆ ಹೋದರು.

ಕಟ್ಟಾ ಎಂದು ನಾವು ಯಾವುದಕ್ಕೆಲ್ಲ ಹೇಳುತ್ತೇವೆ? ಕಟ್ಟಾ ವೈರಿ. ಕಟ್ಟಾ ಅಭಿಮಾನಿ. ಕಟ್ಟಾ ಬೆಂಬಲಿಗ. ಎಲ್ಲದರಲ್ಲೂ ಹೊಡೆದಾಟಕ್ಕೆ ನಿಂತ ಒಂದು ಆಳು ಕಾಣುತ್ತದೆ. ಕಾಪಿಯಲ್ಲಿ ಇದ್ದ ಪದಕ್ಕೆ ಭಕ್ತಿಯುಳ್ಳವಳು ಎಂಬ ಅರ್ಥ ಮಾತ್ರ. ಕಣ್ಣು ಮುಚ್ಚಿ ಜಪಸರ ಹಿಡಿದು ಕೂತವಳನ್ನು ನಾನು ಕೋಲು ಹಿಡಿದು ನಿಲ್ಲಿಸಿದ್ದೆ. ಪ್ರಾಸಕ್ಕಾಗಿ.

ಅದಕ್ಕಿಂತ ನಾಚಿಕೆ ಆದದ್ದು ಆಮೇಲೆ. ಕತ್ತರಿಸಿ ಬಿಸಾಡಿದ ಎರಡು ಪ್ಯಾರಾಗಳನ್ನು ಮತ್ತೆ ತೆಗೆದು ಓದಿದೆ. ಬ್ಯಾರೆಟ್ ಅವರು ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಆಂಟೊನಿನ್ ಸ್ಕಾಲಿಯಾ ಅವರ ಬಳಿ ಕ್ಲರ್ಕ್, ಅಂದರೆ ಕಾನೂನು ಸಹಾಯಕಿ, ಆಗಿದ್ದವರು, ಸಂವಿಧಾನದ ಮಾತಿಗೆ ಅದನ್ನು ಬರೆದ ಕಾಲದಲ್ಲಿ ಇದ್ದ ಅರ್ಥವನ್ನೇ ಹಿಡಿಯಬೇಕು ಎನ್ನುವ ಪಂಥದವರು ಎಂದು ಅಲ್ಲಿತ್ತು. ನಾಳೆ ಅವರು ಎಂಥ ತೀರ್ಪು ಬರೆಯಬಹುದು ಎಂದು ತಿಳಿಯಬೇಕಾದವನಿಗೆ ಇಡೀ ಕಾಪಿಯಲ್ಲಿ ಉಪಯೋಗದ ಮಾತು ಅದೊಂದೇ. ಅದನ್ನು ತೆಗೆದು ಚರ್ಚನ್ನು ಉಳಿಸಿದ್ದೆ.

ಅಕ್ಟೋಬರ್ 12ಕ್ಕೆ ಸೆನೆಟ್ ಸಮಿತಿಯ ವಿಚಾರಣೆ ಶುರುವಾಯಿತು. ಅಧ್ಯಕ್ಷರು ಹೆಸರು ಹೇಳಿದವರನ್ನು ಒಪ್ಪುವ ಮೊದಲು ಅಲ್ಲಿ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಹಿನ್ನೆಲೆ ಬರೆಯುವ ಕೆಲಸವನ್ನು ಚೀಫ್ ಸಬ್ ನನಗೇ ಹಚ್ಚಿದರು. ಶಿಕ್ಷೆ ಅಂತಲೇ ಅಂದುಕೊಳ್ಳಿ. ಆಗ 2017ರ ಕಥೆ ಓದಿದೆ. ಅಪೀಲ್ ಕೋರ್ಟಿಗೆ ಬ್ಯಾರೆಟ್ ಹೆಸರು ಬಂದಾಗ ಇಂಥದ್ದೇ ವಿಚಾರಣೆಯಲ್ಲಿ ಸೆಪ್ಟೆಂಬರ್ 6ರಂದು ಸೆನೆಟರ್ ಡಯಾನ್ ಫೈನ್‌ಸ್ಟೈನ್ ಹೇಳಿದ ಒಂದು ಮಾತು: 'ದ ಡಾಗ್ಮಾ ಲಿವ್ಸ್ ಲೌಡ್ಲಿ ವಿದಿನ್ ಯೂ'. ಅದು ತನಗೆ ಕಳವಳದ ವಿಷಯ ಎಂದೂ ಸೇರಿಸಿದ್ದರು. ಮೂರು ವರ್ಷದ ನಂತರವೂ ಜನ ಆ ಮಾತು ಹಿಡಿದೇ ಜಗಳ ಆಡುತ್ತಿದ್ದರು. ಕೆಲವರು ಅದನ್ನೇ ಬರೆದ ಟೀ ಶರ್ಟ್ ಹಾಕಿಕೊಂಡು ಹೆಮ್ಮೆಯಿಂದ ತಿರುಗಿದರು.

ಡಾಗ್ಮಾ ಅನ್ನುವುದನ್ನು ಕನ್ನಡದಲ್ಲಿ ಏನೆಂದು ಬರೆಯುವುದು? ಜೊತೆಯವನು ಧರ್ಮಾಂಧತೆ ಎಂದ. ಹಾಗೆ ಬರೆದರೆ ಸೆನೆಟರ್ ಮುಖಕ್ಕೆ ಬೈದ ಹಾಗೆ ಆಗುತ್ತದೆ. ಸಿದ್ಧಾಂತ ಎಂದರೆ ಎಡಪಂಥದ ಮೀಟಿಂಗ್ ನೆನಪಾಗುತ್ತದೆ. ಕೊನೆಗೆ ಮಾಷ್ಟ್ರನ್ನು ಕೇಳಿದೆ. ಅವರೂ ಕ್ಯಾಥೋಲಿಕ್. ಮನೆಮಾತು ಕೊಂಕಣಿ, ಕನ್ನಡದ ಒತ್ತಕ್ಷರ ತಪ್ಪಿದರೆ ಮಾತ್ರ ದೇವರನ್ನು ಕರೆಯುವವರು. "ನಮ್ಮಲ್ಲಿ ಡಾಗ್ಮಾ ಅಂದರೆ ಬೈಗುಳ ಅಲ್ಲ ಮಾರಾಯ. ಚರ್ಚ್ ಇದು ಹೀಗೇ ಅಂತ ಖಚಿತ ಮಾಡಿ ಕಲಿಸುವುದು" ಎಂದರು. 'ಚರ್ಚಿನ ಬೋಧನೆ ನಿಮ್ಮೊಳಗೆ ಗಟ್ಟಿ ದನಿಯಲ್ಲಿ ಬದುಕಿದೆ' ಎಂದು ಬರೆದೆವು. ಸ್ವಲ್ಪ ಎಡವಿದ ಹಾಗೆ ಇದೆ, ಒಪ್ಪುತ್ತೇನೆ. ಆದರೆ ಹೇಳಿದವರ ಬಾಯಲ್ಲಿ ಇಲ್ಲದ್ದನ್ನು ತುರುಕಿದ ಹಾಗೆ ಇಲ್ಲ.

2017ರ ಆ ವಿಚಾರಣೆಯ ಪೂರ್ತಿ ಸಂಗತಿ ಓದಿದ ಮೇಲೆ ವಾಟ್ಸ್‌ಆ್ಯಪ್ ಗುಂಪಿನ ಇಬ್ಬರೂ ತಪ್ಪು ಅನ್ನಿಸಿತು. ಬ್ಯಾರೆಟ್ ಅವರು 1998ರಲ್ಲಿ ಇನ್ನೊಬ್ಬರ ಜೊತೆ ಒಂದು ಲೇಖನ ಬರೆದಿದ್ದರು. ಕ್ಯಾಥೋಲಿಕ್ ಚರ್ಚ್ ಮರಣದಂಡನೆಯನ್ನು ಒಪ್ಪುವುದಿಲ್ಲ. ಹಾಗಾದರೆ ಮನಸ್ಸಾಕ್ಷಿ ಒಪ್ಪದ ಕ್ಯಾಥೋಲಿಕ್ ಜಡ್ಜ್ ಗಲ್ಲಿನ ಕೇಸ್ ಬಂದಾಗ ಏನು ಮಾಡಬೇಕು ಎನ್ನುವುದು ಅದರ ವಿಷಯ. ಕೆಲವು ಸಂದರ್ಭದಲ್ಲಿ ಅಂಥ ಜಡ್ಜ್ ಕೇಸಿನಿಂದ ಹಿಂದೆ ಸರಿಯಬೇಕು ಎಂದು ಅವರೇ ಬರೆದಿದ್ದರು. ನಂಬಿಕೆಗೂ ಕೆಲಸಕ್ಕೂ ಎಲ್ಲಿ ತಿಕ್ಕಾಟ ಆಗಬಹುದು ಎಂದು ಅವರೇ ಅಚ್ಚು ಹಾಕಿಸಿದ ಮೇಲೆ ಸೆನೆಟರ್ ಕೇಳುವುದರಲ್ಲಿ ತಪ್ಪೇನಿಲ್ಲ. 'ನೀವು ಹೀಗೆ ಬರೆದಿದ್ದೀರಿ, ಈಗ ಏನು ಮಾಡುತ್ತೀರಿ?' ಇದು ಕೆಲಸದ ಪ್ರಶ್ನೆ. 'ನಿಮ್ಮೊಳಗೆ ಚರ್ಚ್ ಜಾಸ್ತಿ ಕೇಳಿಸುತ್ತಿದೆ' ಎನ್ನುವುದು ಪ್ರಶ್ನೆಯೇ ಅಲ್ಲ. ಅದಕ್ಕೆ ಉತ್ತರ ಕೊಡಲು ಯಾರಿಂದಲೂ ಆಗುವುದಿಲ್ಲ. ಸ್ವಂತ ನಂಬಿಕೆಯನ್ನು, ಅದು ಧರ್ಮದಿಂದ ಬಂದಿರಲಿ ಬೇರೆ ಕಡೆಯಿಂದ ಬಂದಿರಲಿ, ಕಾನೂನಿನ ಮೇಲೆ ಹೇರುವುದು ಜಡ್ಜ್‌ಗೆ ಸಲ್ಲದು ಎಂದು ಬ್ಯಾರೆಟ್ ಅಂದೇ ಹೇಳಿದ್ದರು. ಅದನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು, ಆದರೆ ಅಚ್ಚಾಗಬೇಕು.

ಹಿನ್ನೆಲೆಯಲ್ಲಿ ಇನ್ನೊಂದಿಷ್ಟು ಸೇರಿಸಿದೆ. ಇಂಗ್ಲೆಂಡಿನಲ್ಲಿ 1673ರ ಟೆಸ್ಟ್ ಕಾಯ್ದೆ ಬಂದ ಮೇಲೆ ಸರ್ಕಾರದ ಹುದ್ದೆ ಬೇಕಾದವರು ಆಂಗ್ಲಿಕನ್ ಚರ್ಚಿನ ಪ್ರಸಾದ ತೆಗೆದುಕೊಂಡು ತೋರಿಸಬೇಕಿತ್ತು. ಆ ಕಾಟ ಗೊತ್ತಿದ್ದ ಅಮೆರಿಕದವರು 1787ರಲ್ಲಿ ಬರೆದ ಸಂವಿಧಾನದ 6ನೇ ವಿಧಿಯಲ್ಲಿ ಕೇಂದ್ರ ಸರ್ಕಾರದ ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಇರಕೂಡದು ಎಂದು ಹಾಕಿದರು. ಆದರೂ ಮೇರಿಲ್ಯಾಂಡ್ ರಾಜ್ಯದಲ್ಲಿ ರಾಯ್ ಟಾರ್ಕಾಸೊ ಎಂಬವರಿಗೆ ದೇವರಿದ್ದಾನೆ ಎಂದು ಹೇಳಲಿಲ್ಲ ಎಂದು ನೋಟರಿ ಹುದ್ದೆ ಕೊಡಲಿಲ್ಲ. ನೋಟರಿ, ನೋಡಿ. ಅಫಿಡವಿಟ್ಟಿಗೆ ಸೀಲ್ ಹೊಡೆಯಲು ದೇವರು! 1961ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರ ತೀರ್ಪು ಕೊಟ್ಟಿತು. ಅದಕ್ಕೆ ಒಂದು ವರ್ಷ ಮೊದಲು ಜಾನ್ ಕೆನಡಿ ಹ್ಯೂಸ್ಟನ್‌ನಲ್ಲಿ ಪಾದ್ರಿಗಳ ಮುಂದೆ ನಿಂತು, ತಾನು ಕ್ಯಾಥೋಲಿಕರ ಅಭ್ಯರ್ಥಿ ಅಲ್ಲ, ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ, ಕ್ಯಾಥೋಲಿಕ್ ಕೂಡ ಹೌದು ಅಷ್ಟೇ ಎಂದು ಹೇಳಬೇಕಾಗಿ ಬಂದಿತ್ತು.

ಇದನ್ನೆಲ್ಲ ಬರೆದು ಮುಗಿಸಿದ ದಿನ ನಮ್ಮ ಲೋಕಲ್ ಪೇಜ್ ಕಡೆ ಕಣ್ಣು ಹೋಯಿತು. ಯಾವುದೋ ನಿಗಮಕ್ಕೆ ಅಧ್ಯಕ್ಷರ ನೇಮಕ ಆದರೆ ನಮ್ಮ ಮೊದಲ ವಾಕ್ಯ ಏನಿರುತ್ತದೆ? ಬಿಲ್ಲವರಿಗೆ ಸಿಕ್ಕಿತು, ಬಂಟರಿಗೆ ತಪ್ಪಿತು, ಅಲ್ಪಸಂಖ್ಯಾತರಿಗೆ ಒಂದು. ಆ ನಿಗಮ ಏನು ಕೆಲಸ ಮಾಡುತ್ತದೆ ಎಂದು ಐದನೇ ಪ್ಯಾರಾದಲ್ಲೂ ಇರುವುದಿಲ್ಲ. ನಮ್ಮ ಸಂವಿಧಾನದ 16(2) ವಿಧಿ ಸರ್ಕಾರಿ ಹುದ್ದೆಗೆ ಧರ್ಮ, ಜಾತಿ ನೋಡಿ ಭೇದ ಮಾಡಬಾರದು ಎನ್ನುತ್ತದೆ. ಅದರ ಕೆಳಗೇ 16(5) ಇದೆ: ಧಾರ್ಮಿಕ ಸಂಸ್ಥೆಯ ಆಡಳಿತದ ಹುದ್ದೆಗೆ ಆ ಧರ್ಮದವರೇ ಬೇಕು ಎಂದು ಕಾನೂನು ಮಾಡಬಹುದು. ಮುಜರಾಯಿ ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯ ಸುದ್ದಿಯಲ್ಲಿ ಸದಸ್ಯರ ಧರ್ಮ ಸುದ್ದಿಯ ಭಾಗವೇ, ಕಾನೂನೇ ಅದನ್ನು ಕೇಳುತ್ತದೆ. ಕುಡಿಯುವ ನೀರಿನ ಹುದ್ದೆಗೆ ಯಾಕೆ ಬೇಕು?

ಜಾತಿ ಲೆಕ್ಕ ಬರೆಯಲೇಬಾರದು ಎಂದು ನಾನು ಹೇಳುವುದಿಲ್ಲ. ಲೆಕ್ಕ ಹಾಕಿಯೇ ನೇಮಕ ಮಾಡಿದ್ದರೆ ಅದು ಸುದ್ದಿ. ಯಾರು ಹಾಕಿದರು ಎಂದು ಹೇಳಿ ಬರೆಯಬೇಕು, ನಮ್ಮದೇ ಕಣ್ಣು ಎನ್ನುವ ಹಾಗೆ ಅಲ್ಲ. ಈ ಮಾತಿಗೆ ನಮ್ಮ ರಿಪೋರ್ಟರುಗಳು ಇವತ್ತಿಗೂ ನಗುತ್ತಾರೆ. "ಸರ್, ಜಾತಿ ಹಾಕದಿದ್ದರೆ ಓದುಗರೇ ಫೋನ್ ಮಾಡಿ ಕೇಳ್ತಾರೆ" ಎನ್ನುತ್ತಾರೆ. ಅದೂ ಸುಳ್ಳಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಟದ್ದು ಇದೇ ಊರಿಂದ, 1843ರ ಜುಲೈ 1ರಂದು. ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ ಜರ್ಮನಿಯಿಂದ ಮತಪ್ರಚಾರಕ್ಕೆ ಬಂದ ಪಾದ್ರಿ. ಪ್ರತಿ ವರ್ಷ ಪತ್ರಿಕಾ ದಿನಾಚರಣೆಯಲ್ಲಿ ಅವರ ಫೋಟೋಗೆ ಹಾರ ಹಾಕುತ್ತೇವೆ. ಭಾಷಣ ಪೂರ್ತಿ ಅವರ ಕೆಲಸದ ಬಗ್ಗೆಯೇ. ಸತ್ತು ನೂರು ವರ್ಷ ಆದವರಿಗೆ ಆ ರಿಯಾಯಿತಿ ಸಿಗುತ್ತದೆ ಅಂತ ಕಾಣುತ್ತದೆ.

ಅಕ್ಟೋಬರ್ 26ರಂದು ಸೆನೆಟ್ 52–48ರಲ್ಲಿ ಬ್ಯಾರೆಟ್ ಅವರನ್ನು ಒಪ್ಪಿತು. ಹೆಡ್ಡಿಂಗ್‌ನಲ್ಲಿ ಹೆಸರು ಹಾಕಿದೆ, ಮತದ ಲೆಕ್ಕ ಹಾಕಿದೆ. ಸಪ್ಪೆ ಇತ್ತು. ಫೋನ್ ಬರಲಿಲ್ಲ.

2022ರ ಜೂನ್ 24. ಶುಕ್ರವಾರ ಸಂಜೆ ಏಳೂವರೆ ದಾಟಿತ್ತು, ಹೊರಗೆ ಧೋ ಎಂದು ಮಳೆ. ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ರೋ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿದ ಸುದ್ದಿ ಬಂತು. ಹೊಸದಾಗಿ ಸೇರಿದ ಟ್ರೇನಿ ಹುಡುಗ ಹತ್ತೇ ನಿಮಿಷದಲ್ಲಿ ಹೆಡ್ಡಿಂಗ್ ಸಮೇತ ಕಾಪಿ ತಂದ. 'ಕ್ಯಾಥೋಲಿಕ್ ಜಡ್ಜ್‌ಗಳ ಕೈ ಮೇಲು'.

"ಸೊಟೊಮಯೋರ್ ಯಾರು?" ಎಂದು ಕೇಳಿದೆ.

"ವಿರುದ್ಧ ಬರೆದವರು ಸರ್."

"ಅವರದ್ದು ಯಾವ ಚರ್ಚ್ ನೋಡು."

ನೋಡಿದ. ಕ್ಯಾಥೋಲಿಕ್. ತೀರ್ಪು ಬರೆದ ಅಲಿಟೊ ಕೂಡ ಕ್ಯಾಥೋಲಿಕ್. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅವರೂ ಹೌದು, ಅವರು ಆ ಕೇಸಿನ ಫಲಿತಾಂಶ ಒಪ್ಪಿದರೂ ರೋ ತೀರ್ಪನ್ನು ಪೂರ್ತಿ ಕಿತ್ತುಹಾಕುವುದಕ್ಕೆ ಕೈ ಜೋಡಿಸಿರಲಿಲ್ಲ. ಒಂದೇ ಚರ್ಚ್, ಮೂರು ದಾರಿ. ತೀರ್ಪನ್ನು ಅಂದೇ ಖಂಡಿಸಿ ಮಾತಾಡಿದ ಆಗಿನ ಅಧ್ಯಕ್ಷ ಬೈಡನ್ ಕೂಡ ಕ್ಯಾಥೋಲಿಕ್. ಹುಡುಗ ತಲೆ ಕೆರೆದುಕೊಂಡು ಹೋಗಿ 'ಗರ್ಭಪಾತ ಹಕ್ಕು: 1973ರ ತೀರ್ಪು ರದ್ದು' ಎಂದು ಬರೆದು ತಂದ. ಹೋಗಲಿ ಬಿಡು ಎಂದು ಪೇಜ್ ಬಿಟ್ಟೆವು.

ಮರುದಿನ ಸಂಜೆ ಬೆಂದೂರಿನ ಫೋನ್. ಎರಡು ವರ್ಷದಲ್ಲಿ ಅವರ ದನಿ ಸ್ವಲ್ಪ ಸಣ್ಣದಾಗಿತ್ತು.

"ಆ ತೀರ್ಪು ನನಗೆ ಸರಿ ಕಂಡಿತು" ಎಂದರು. "ನಿಮಗೆ?"

ಏನು ಹೇಳುವುದು? "ನನಗೆ ಸರಿ ಕಾಣಲಿಲ್ಲ ಟೀಚರ್."

ಒಂದು ನಿಮಿಷ ಸುಮ್ಮನಿದ್ದರು. "ಹೆಡ್ಡಿಂಗ್ ನೋಡಿ ಅದು ಗೊತ್ತಾಗಲಿಲ್ಲ."

ಆಮೇಲೆ ಪದಬಂಧದ ಎಡದಿಂದ ಬಲಕ್ಕೆ ಏಳನೆಯದರ ಉತ್ತರ ತಪ್ಪಾಗಿದೆ, ಅದು ಯಾರ ಕೆಲಸ ಎಂದು ಕೇಳಿದರು.