ಟೋಕಿಯೊ ನಕಾಶೆ ಹರಡಿಕೊಂಡು

ಮಾರ್ಚ್ ಕೊನೆಯಲ್ಲಿ ಅಮ್ಮನೊಡನೆ ಟೋಕಿಯೊಗೆ ಹೊರಡುವುದು ಅಂತೂ ನಿಶ್ಚಯವಾಯಿತು. ಇಬ್ಬರಿಗೂ ಜಪಾನ್ ಹೊಸದು. ರೈಲು ನಕಾಶೆಯ ಸಿಕ್ಕು ನೋಡಿದರೆ ಎದೆ ಝಲ್ಲೆನ್ನುತ್ತದೆ. ಯಾಮನೋತೆ ಎಂಬ ವರ್ತುಲ ಮಾರ್ಗವೊಂದನ್ನು ಗುರುತಿಸಿಕೊಂಡ ಮೇಲೆ ಧೈರ್ಯ ಬಂತು. 30 ನಿಲ್ದಾಣ, ಒಂದು ಸುತ್ತಿಗೆ ಸುಮಾರು ಒಂದು ಗಂಟೆ.

ಕೋಣೆ ಕಾದಿರಿಸಿರುವುದು ಅದೇ ಮಾರ್ಗದ ಉಎನೊ ಬಳಿ. ಅಲ್ಲಿನ ಶಿನೊಬಾಜು ಕೊಳದ ನಡುಗಡ್ಡೆಯಲ್ಲಿ ಬೆಂಜಾಯ್‌ತೆನ್ ಗುಡಿಯಿದೆ. ನಮ್ಮ ಸರಸ್ವತಿಯೇ ಬೌದ್ಧಧರ್ಮದೊಡನೆ ಚೀನಾ ಹಾದು ಅಲ್ಲಿ ನೆಲೆಯಾದವಳು. ಆಕೆಯ ಕೈಯಲ್ಲಿ ಸಾಮಾನ್ಯವಾಗಿ ಬಿವಾ ಎಂಬ ತಂತಿವಾದ್ಯವಿರುತ್ತದೆ. 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದ ಗುಡಿಯನ್ನು 1958ರಲ್ಲಿ ಮತ್ತೆ ಕಟ್ಟಿದರು. 1923ರ ಭೂಕಂಪ, ಆಮೇಲೆ ಯುದ್ಧ: ಎರಡು ಸಲ ಬೂದಿಯಾದ ಊರು ತನ್ನ ದೇವತೆಗೆ ಮತ್ತೆ ಅದೇ ನೀರಿನ ನಡುವೆ ಜಾಗ ಮಾಡಿಕೊಟ್ಟಿತಲ್ಲ ಎಂದು ನೆನೆದಾಗಲೆಲ್ಲ ಗೌರವ ಉಕ್ಕುತ್ತದೆ. ಅಮ್ಮ ಈಗಲೇ ಅಲ್ಲಿಗೆ ಮೊದಲ ಬೆಳಗನ್ನು ಮೀಸಲಿಟ್ಟಿದ್ದಾರೆ.

ಚಿಂತೆಯೆಲ್ಲ ಊಟದ್ದು. ತರಕಾರಿಯಷ್ಟೇ ಕಾಣುವ ಸಾರಿನಲ್ಲೂ ಒಣಮೀನಿನಿಂದ ತೆಗೆದ ದಾಶಿ ಇರಬಹುದು. ಬೌದ್ಧ ಮಠಗಳ ಶೋಜಿನ್ ಎಂಬ ಸಸ್ಯಾಹಾರಿ ಅಡುಗೆ ಬಡಿಸುವ ಊಟದ ಮನೆಗಳನ್ನು ಹುಡುಕುತ್ತಿದ್ದೇನೆ. ತಿಂದವರಿದ್ದರೆ ದಯವಿಟ್ಟು ತಿಳಿಸಿ.