ಒಂದೇ ಇಂಜಿನ್, ಎರಡು ಗೇರ್‌ಬಾಕ್ಸ್: ಹಾಸನದಿಂದ ಸೀತಾಳಯ್ಯನಗಿರಿಗೆ

ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರಕ್ಕೆಲ್ಲ ಹಾಸನ ಬಿಟ್ವಿ. ನಾನು, ನನ್ ಹೆಂಡತಿ, ಅವಳ ತಮ್ಮ. ಕೂತಿದ್ದ ಕಾರು ನಮ್ದಲ್ಲ, ನಮ್ಮ ಆಫೀಸಿನವ್ರದ್ದು, 2021ರ ಫೋಕ್ಸ್‌ವ್ಯಾಗನ್ ಪೋಲೋ, 1.0 ಟಿಎಸ್‌ಐ ಅನ್ನೋ ಟರ್ಬೋ ಪೆಟ್ರೋಲ್ ಇಂಜಿನ್, 6 ಗೇರಿನ ಮ್ಯಾನ್ಯುವಲ್. ಅವ್ರಿಗೆ ಟ್ರಾನ್ಸ್‌ಫರ್ ಆಗಿತ್ತು, ಕಾರು ಮಾರಿ ಹೋಗ್ಬೇಕು, "ಭಾನುವಾರ ಪೂರ್ತಿ ನೀವೇ ಇಟ್ಕೊಳಿ, ಘಾಟಿ ಹತ್ತಿಸಿ ನೋಡಿ, ಆಮೇಲೆ ಹೇಳಿ" ಅಂತ ಕೀ ಕೊಟ್ಟಿದ್ರು. ಇನ್ನೊಂದು ಕಾರು ಚಿಕ್ಕಮಗಳೂರಲ್ಲಿತ್ತು, ಬಾಮೈದನ ಸ್ನೇಹಿತ, ಕಾಫಿ ತೋಟದ ಮನೆ ಹುಡುಗ, ಅವನದು ಅದೇ ವರ್ಷದ ಪೋಲೋ ಜಿಟಿ, ಆಟೋಮ್ಯಾಟಿಕ್.

ಎರಡಕ್ಕೂ ಇಂಜಿನ್ ಒಂದೇ. 1 ಲೀಟರಿನ ಮೂರು ಸಿಲಿಂಡರ್ ಟರ್ಬೋ, 110 ಪಿಎಸ್ ಪವರ್, 175 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ಎಳೆಯೋ ಬಲ. ವ್ಯತ್ಯಾಸ ಗೇರ್‌ಬಾಕ್ಸ್ ಮಾತ್ರ. ಹಳೇ ಕಾರು ಹುಡುಕೋವಾಗ ಇಂಥ ಜೋಡಿ ಸಿಗೋದು ಕಷ್ಟ, ಯಾವಾಗ್ಲೂ ಒಂದು ಹೊಸದು ಒಂದು ಹಳೇದು, ಒಂದರ ಟೈರ್ ಹೋಗಿರುತ್ತೆ ಇನ್ನೊಂದರದ್ದು ಇಂಜಿನ್ನೇ ಬೇರೆ, ಹೋಲಿಸೋಕೇ ಆಗಲ್ಲ. ಅದಕ್ಕೇ ಎರಡನ್ನೂ ಒಂದೇ ದಿನ ಒಂದೇ ಘಾಟಿಗೆ ಒಯ್ಯೋಣ ಅಂತ ಪ್ಲಾನ್ ಮಾಡಿದ್ದು.

ಸಣ್ಣ ಕಾರು, ಆದ್ರೆ ಜೋರಾಗಿ ಓಡ್ಬೇಕು, ಇದು ನನ್ನ ಬಹಳ ವರ್ಷದ ಆಸೆ. ಫಿಯಟ್‌ನ ಅಬಾರ್ಥ್ ಪುಂಟೋ ನೋಡ್ತಿದ್ದೆ, 145 ಪಿಎಸ್, ಬರೀ ಮ್ಯಾನ್ಯುವಲ್, ಆದ್ರೆ ಈಗ ನಮ್ಮೂರಲ್ಲಿ ಅದರ ಪಾರ್ಟ್ಸ್ ಹುಡುಕಿಕೊಂಡು ಅಲೆಯೋ ಧೈರ್ಯ ಇಲ್ಲ. ಬಲೆನೋ ಆರ್‌ಎಸ್ ಕೂಡ ಮ್ಯಾನ್ಯುವಲ್ ಮಾತ್ರ. ಐ20 ಎನ್ ಲೈನ್ ತಗೊಂಡ್ರೆ ಶುರುವಿನ ಮಾಡೆಲ್‌ಗಳಲ್ಲಿ ಕ್ಲಚ್ ಪೆಡಲ್ ಇಲ್ದೇ ಇರೋ ಮ್ಯಾನ್ಯುವಲ್, ಐಎಂಟಿ ಅಂತಾರೆ, ಇಲ್ಲಾಂದ್ರೆ 7 ಗೇರಿನ ಡಿಸಿಟಿ, ಅಂದ್ರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್. ಪೋಲೋ ನಮ್ಮ ದೇಶದಲ್ಲಿ 2022ರಲ್ಲೇ ನಿಂತೋಯ್ತು, ಆದ್ರೂ ನನ್ ಮನಸ್ಸು ಸುತ್ತಿ ಸುತ್ತಿ ಅಲ್ಲೇ ಬಂದು ನಿಲ್ತಿತ್ತು.

ನಾನು ಆಟೋಮ್ಯಾಟಿಕ್ ಅಂತ ಮೊದ್ಲೇ ಅರ್ಧ ತೀರ್ಮಾನ ಮಾಡಿದ್ದೆ, ಕಾರಣ ನನ್ ಹೆಂಡತಿ. ಅವಳು ಹಾಸನದಿಂದ ಆಲೂರಿಗೆ ದಿನಾ ಸ್ಕೂಲಿಗೆ ಹೋಗೋಳು, ಕಾರು ಜಾಸ್ತಿ ಓಡೋದು ಅವಳ ಕೈಯಲ್ಲೇ, ಅವಳಿಗೆ ಸುಲಭ ಆಗ್ಲಿ ಅಂತ. ಅವಳನ್ನ ಒಂದ್ ಮಾತು ಕೇಳಿದ್ನಾ ಅಂದ್ರೆ, ಇಲ್ಲ.

ಬೇಲೂರಿನ ತನಕ 40 ಕಿಲೋಮೀಟರ್ ಹತ್ರ, ನಾನೇ ಓಡಿಸ್ದೆ. ಬೆಳಗಿನ ಹೊತ್ತು ರೋಡ್ ಖಾಲಿ, ಎದುರಿಗೆ ಹಾಲಿನ ವ್ಯಾನು, ಅಲ್ಲೊಂದು ಇಲ್ಲೊಂದು ಟ್ರ್ಯಾಕ್ಟರ್. ಮೂರನೇ ಗೇರಲ್ಲಿ ಒತ್ತಿದ್ರೆ ಬೆನ್ನು ಸೀಟಿಗೆ ಅಂಟುತ್ತೆ. ಆದ್ರೆ 1750 ಆರ್‌ಪಿಎಂ ಕೆಳಗೆ ಇಂಜಿನ್ ನಿದ್ದೆ ಮಾಡುತ್ತೆ, ಇಂಜಿನ್ನಿಗೆ ಜಾಸ್ತಿ ಗಾಳಿ ತುಂಬೋ ಟರ್ಬೋ ಎದ್ದಿರಲ್ಲ, ಹಂಪ್ ದಾಟಿ ಮೂರರಲ್ಲೇ ಎಳೆಯೋಕೆ ಹೋದ್ರೆ ಗೊಣಗುತ್ತೆ. ಎರಡಕ್ಕೆ ಇಳಿಸ್ಲೇಬೇಕು. ಹಾಸನದಲ್ಲೇ ಕ್ಲಚ್ ಚೆಕ್ ಮಾಡಿದ್ದೆ, ಮಟ್ಟಸ ರೋಡಲ್ಲಿ 40ರ ಸ್ಪೀಡಲ್ಲಿ ನಾಲ್ಕನೇ ಗೇರ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತೋದು, ಆರ್‌ಪಿಎಂ ಸರ್ರಂತ ಏರಿ ಸ್ಪೀಡ್ ಏರ್ಲಿಲ್ಲ ಅಂದ್ರೆ ಕ್ಲಚ್ ಜಾರ್ತಿದೆ ಅಂತ. ಇದರಲ್ಲಿ ಎರಡೂ ಒಟ್ಟೊಟ್ಟಿಗೆ ಏರಿದ್ವು. ಟರ್ಬೋ ಕಾರು ತಗೊಳ್ಳೋರು ಇದನ್ನ ಬಿಡ್ಲೇಬಾರ್ದು, ಯಾಕಂದ್ರೆ ಎಷ್ಟೋ ಜನ ರೀಮ್ಯಾಪ್ ಮಾಡಿಸಿ, ಅಂದ್ರೆ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸಿ, ಟಾರ್ಕ್ ಏರಿಸ್ಕೊಂಡಿರ್ತಾರೆ, ಕ್ಲಚ್ ಮಾತ್ರ ಕಂಪನಿದೇ ಇರುತ್ತೆ, ಅದು ಎಷ್ಟು ದಿನ ಅಂತ ತಡ್ಕೊಳುತ್ತೆ.

ಬೇಲೂರಲ್ಲಿ ಟೀಗೆ ನಿಂತ್ವಿ. ಚೆನ್ನಕೇಶವನ ಗೋಪುರದ ಮೇಲೆ ಆಗ್ತಾನೇ ಬಿಸಿಲು ಬಿದ್ದಿತ್ತು. ಒಳಗಿನ ದೇವಸ್ಥಾನ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, ಎಷ್ಟು ಸಲ ಬಂದ್ರೂ ಒಳಗೆ ಹೋಗ್ದೆ ವಾಪಸ್ ಬರೋಕೆ ಮನಸ್ಸಾಗಲ್ಲ, ಅವತ್ತು ಹೊತ್ತಾಗುತ್ತೆ ಅಂತ ಹೊರಗಿಂದಲೇ ಕೈ ಮುಗಿದ್ವಿ.

ಟೀ ಕುಡೀತಾ ಬಾಮೈದ ಹೇಳ್ದ, "ಭಾವ, ಆಟೋಮ್ಯಾಟಿಕ್ ಅಂದ್ರೆ ಒಂದೇ ಜಾತಿ ಅಲ್ಲ, ಯಾವ ಆಟೋಮ್ಯಾಟಿಕ್ ಅಂತ ಮೊದ್ಲು ಕೇಳ್ಬೇಕು." ನಿಜ. 2013ರಲ್ಲಿ ಬಂದ ಹಳೇ ಜಿಟಿ ಟಿಎಸ್‌ಐ ಇದ್ಯಲ್ಲ, ಅದು 1.2 ಲೀಟರ್, 105 ಪಿಎಸ್, ಅದರಲ್ಲಿ 7 ಗೇರಿನ ಡಿಎಸ್‌ಜಿ. ಒಳಗೆ ಎರಡು ಡ್ರೈ ಕ್ಲಚ್, ಒಂದು ಕ್ಲಚ್ಚಿಗೆ 1, 3, 5, 7, ಇನ್ನೊಂದಕ್ಕೆ 2, 4, 6. ಒಂದು ಬಿಡ್ತಿದ್ದಂಗೇ ಇನ್ನೊಂದು ಹಿಡಿಯುತ್ತೆ, ಗೇರ್ ಬದಲಾಗಿದ್ದೇ ಗೊತ್ತಾಗಲ್ಲ, ಓಡಿಸೋಕೆ ಅಷ್ಟು ಚೆಂದ. ಆದ್ರೆ ಆ ಕ್ಲಚ್ ಪ್ಲೇಟಿಗೆ ತಂಪು ಮಾಡೋ ಎಣ್ಣೆ ಇಲ್ಲ. ಏರಲ್ಲಿ ಬಸ್ಸಿನ ಹಿಂದೆ ಇಂಚಿಂಚು ತೆವಳಿದ್ರೆ ನಾವು ಹಾಫ್ ಕ್ಲಚ್ಚಲ್ಲಿ ನಿಲ್ಲಿಸಿದಂಗೇ, ಬಿಸಿ ಏರುತ್ತೆ, ಸವೆಯುತ್ತೆ. ನಾವು ನೋಡೋಕೆ ಹೊರಟಿದ್ದ 1.0 ಲೀಟರ್ ಜಿಟಿಯಲ್ಲಿ ಬೇರೆ, 6 ಗೇರಿನ ಟಾರ್ಕ್ ಕನ್ವರ್ಟರ್. ಅದರಲ್ಲಿ ಇಂಜಿನ್ನಿಗೂ ಗೇರಿಗೂ ಮಧ್ಯೆ ಎಣ್ಣೆ ಕೆಲಸ ಮಾಡುತ್ತೆ, ಒಂದ್ ಕಡೆ ರೆಕ್ಕೆ ತಿರುಗಿ ಎಣ್ಣೆ ತಳ್ಳಿದ್ರೆ ಆ ಎಣ್ಣೆ ಇನ್ನೊಂದ್ ಕಡೆ ರೆಕ್ಕೆ ತಿರುಗಿಸುತ್ತೆ. ತೆವಳೋಕೆ ಅದೇ ವಾಸಿ. ಪೆಟ್ರೋಲ್ ಮಾತ್ರ ಸ್ವಲ್ಪ ಜಾಸ್ತಿ ಕುಡಿಯುತ್ತೆ, ಕಂಪನಿ ಲೆಕ್ಕದಲ್ಲೇ ಲೀಟರಿಗೆ ಮ್ಯಾನ್ಯುವಲ್ 18.24 ಕಿಲೋಮೀಟರ್, ಆಟೋಮ್ಯಾಟಿಕ್ 16.47.

ಚಿಕ್ಕಮಗಳೂರಲ್ಲಿ ಆ ಹುಡುಗನ ಮನೇಲಿ ಅಕ್ಕಿ ರೊಟ್ಟಿ, ಎಣ್ಣೆಗಾಯಿ. ನಾನು ಮೊದ್ಲೇ ಫೋನ್ ಮಾಡಿ ಹೇಳಿದ್ದೆ, ನಾವು ಬರೋ ತನಕ ಕಾರ್ ಸ್ಟಾರ್ಟ್ ಮಾಡ್ಬೇಡ ಅಂತ. ಆಟೋಮ್ಯಾಟಿಕ್‌ನ ತಣ್ಣಗಿದ್ದಾಗಲೇ ನೋಡ್ಬೇಕು. ಬ್ರೇಕ್ ಹಿಡ್ಕೊಂಡು ಲಿವರನ್ನ ಮುಂದಕ್ಕೆ ಹೋಗೋ ಡಿಗೆ ಹಾಕಿ, ರಿವರ್ಸಿನ ಆರ್‌ಗೆ ಹಾಕಿ, ಮತ್ತೆ ಡಿಗೆ. ತಡವಾಗಿ ಹಿಡಿದ್ರೆ, ಇಲ್ಲಾ ಧಡ್ ಅಂತ ಒದ್ರೆ, ಒಳಗೆ ಏನೋ ಇದೆ ಅಂತ. ಇದು ಮೆತ್ತಗೆ ಹಿಡೀತು. ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದ ಬಿಲ್ ಕೂಡ ಇಟ್ಟಿದ್ದ ಪುಣ್ಯಾತ್ಮ, ಎಷ್ಟೋ ಜನ ಅದಕ್ಕೆ ಕೈಯೇ ಹಚ್ಚಿರಲ್ಲ.

ಹತ್ತುವಾಗ ನಾನು ಆಟೋಮ್ಯಾಟಿಕ್, ಪಕ್ಕದಲ್ಲಿ ಆ ಹುಡುಗ. ಹಿಂದೆ ಮ್ಯಾನ್ಯುವಲಲ್ಲಿ ನನ್ ಹೆಂಡತಿ, ಅವಳ ತಮ್ಮ. ಕೈಮರ ಚೆಕ್‌ಪೋಸ್ಟ್ ದಾಟಿದ ಮೇಲೆ ಏರು ಶುರು. ಹಿಂದಿನ ವಾರ ಮಳೆ ಬಿದ್ದಿತ್ತು, ಕಾಫಿ ಹೂವು ಬಿಟ್ಟಿತ್ತು, ಗಿಡದ ತುಂಬಾ ಬೆಳ್ಳಗೆ, ಥೇಟ್ ಮಲ್ಲಿಗೆ ವಾಸನೆ, ಎಸಿ ಆಫ್ ಮಾಡಿ ನಾಲ್ಕೂ ಗ್ಲಾಸ್ ಇಳಿಸಿದ್ವಿ. ಈ ಹೂವು ಎರಡು ಮೂರು ದಿನ ಇದ್ರೆ ಹೆಚ್ಚು, ಅವತ್ತೇ ನಾವು ಅಲ್ಲಿದ್ವಲ್ಲ ಅನ್ನೋದು ಈಗ ನೆನೆಸಿದ್ರೂ ಖುಷಿ ಆಗುತ್ತೆ.

ಹೇರ್‌ಪಿನ್‌ಗಳಲ್ಲಿ ಆಟೋಮ್ಯಾಟಿಕ್ ನನ್ನ ಗೆದ್ದುಬಿಡ್ತು. ಮ್ಯಾನ್ಯುವಲಲ್ಲಿ 1750ರ ಕೆಳಗೆ ಇಂಜಿನ್ ಗೊಣಗ್ತಿತ್ತಲ್ಲ, ಅದು ಇದರಲ್ಲಿ ಗೊತ್ತೇ ಆಗ್ಲಿಲ್ಲ, ಹೊರಡೋವಾಗ ಕನ್ವರ್ಟರ್ರೇ ಟಾರ್ಕನ್ನ ಹೆಚ್ಚು ಮಾಡಿಕೊಡುತ್ತೆ. ಮುಂದೆ ಟೆಂಪೋ ಟ್ರಾವೆಲರ್‌ಗಳ ಸಾಲು, ಭಾನುವಾರ ಅಲ್ವಾ, ಅರ್ಧ ಬೆಂಗಳೂರು ಅಲ್ಲೇ ಇತ್ತು. ನಿಂತು, ಹೊರಟು, ಮತ್ತೆ ನಿಂತು. ನನ್ ಎಡಗಾಲಿಗೆ ಕೆಲಸಾನೇ ಇಲ್ಲ. ಕನ್ನಡಿಯಲ್ಲಿ ಹಿಂದೆ ನೋಡಿದ್ರೆ ಅವಳು ಪ್ರತಿ ಸಲಾನೂ ಹ್ಯಾಂಡ್‌ಬ್ರೇಕ್ ಹಿಡಿದು, ಕ್ಲಚ್ ಬಿಟ್ಟು, ಹಿಂದಕ್ಕೆ ಒಂದಿಂಚೂ ಜಾರ್ದೆ ಹೊರಡ್ತಿದ್ಳು. ಪಾಪ ಅನ್ನಿಸ್ತು.

ಸೀತಾಳಯ್ಯನಗಿರಿಯಲ್ಲಿ ಗಾಡಿ ನಿಲ್ಲಿಸಿದ್ವಿ. ಎದುರಿಗೆ ಮುಳ್ಳಯ್ಯನಗಿರಿ, 1,930 ಮೀಟರ್, ನಮ್ಮ ರಾಜ್ಯದಲ್ಲಿ ಅದಕ್ಕಿಂತ ಎತ್ತರದ್ದು ಇಲ್ಲ. ಗಾಳಿಗೆ ಮಾತು ಕೇಳಿಸ್ತಿರ್ಲಿಲ್ಲ. ನಾನು ಜೋರಾಗಿ "ಆಟೋಮ್ಯಾಟಿಕ್ಕೇ ತಗೊಳೋಣ ಕಣೇ" ಅಂದೆ. ಅವಳು "ಕಾಲು ನೋವ್ತಿದೆ ನಿಜ, ಆದ್ರೆ ಇಳಿಯೋವಾಗ ನಾನದನ್ನ ಓಡಿಸ್ತೀನಿ, ಆಮೇಲೆ ಹೇಳಿ" ಅಂದ್ಳು.

ಇಳಿಯೋವಾಗ ಅದಲು ಬದಲು. ಎರಡು ಮೂರು ತಿರುವಲ್ಲೇ ಮುಂದೆ ಅವಳ ಬ್ರೇಕ್ ಲೈಟ್ ಆರೋದೇ ಇಲ್ಲ. ಡಿಯಲ್ಲಿ ಬಿಟ್ರೆ ಏನಾಗುತ್ತೆ ಅಂದ್ರೆ, ಆಕ್ಸಿಲರೇಟರ್‌ನಿಂದ ಕಾಲು ತೆಗೀತಿದ್ದಂಗೇ ಗೇರ್‌ಬಾಕ್ಸ್ ಪೆಟ್ರೋಲ್ ಉಳಿಸೋಕೆ ಮೇಲಿನ ಗೇರಿಗೆ ಹೋಗೋಕೆ ನೋಡುತ್ತೆ, ಇಳಿಜಾರಲ್ಲಿ ಇಂಜಿನ್ ಹಿಡಿತ ಕಮ್ಮಿ ಆಗಿ ಸ್ಪೀಡ್ ಏರುತ್ತೆ, ನಾವು ಬ್ರೇಕ್ ತುಳೀತಾನೇ ಇರ್ಬೇಕು. ನಾನು ಹಿಂದೆ ಮ್ಯಾನ್ಯುವಲಲ್ಲಿ ಎರಡನೇ ಗೇರ್ ಹಾಕಿ ಬಿಟ್ಟಿದ್ದೆ, ಇಂಜಿನ್ನೇ ಕಾರನ್ನ ಹಿಡ್ಕೊಂಡು ಇಳಿಸ್ತಿತ್ತು, ಬ್ರೇಕು ತಿರುವಿಗೆ ಮಾತ್ರ. ಆಮೇಲೆ ಆ ಹುಡುಗ ಅವಳಿಗೆ ಲಿವರ್ ಪಕ್ಕಕ್ಕೆ ತಳ್ಳಿ ಎರಡಕ್ಕೆ ಇಳಿಸೋದು ಹೇಳಿಕೊಟ್ಟಿದ್ದಾನೆ, ಅಲ್ಲಿಂದ ಬ್ರೇಕ್ ಲೈಟ್ ಕಮ್ಮಿ ಆಯ್ತು. ಅಂದ್ರೆ ಅದರ ತಪ್ಪಲ್ಲ, ಗೊತ್ತಿರ್ಬೇಕು ಅಷ್ಟೇ. ಆಟೋಮ್ಯಾಟಿಕ್ ತಗೊಂಡು ಘಾಟಿಗೆ ಹೋಗೋರಿಗೆ ಇದನ್ನ ಯಾರಾದ್ರೂ ಕೂರಿಸಿ ಹೇಳ್ಬೇಕು, ಬ್ರೇಕ್ ಕಾದು ವಾಸನೆ ಬರೋ ಕಾರುಗಳನ್ನ ಆ ರೋಡಲ್ಲಿ ನಾನು ಎಷ್ಟೋ ನೋಡಿದೀನಿ.

ಕೈಮರದಲ್ಲಿ ನಿಂತಾಗ ಅವಳು ಹೇಳಿದ್ದು ಇಷ್ಟು. "ರೀ, ಟ್ರಾಫಿಕ್ಕಲ್ಲಿ ಇದೇ ಸುಖ, ಒಪ್ತೀನಿ. ಆದ್ರೆ ನಾನು ಆಲೂರಿಗೆ ಹೋಗೋ ರೋಡಲ್ಲಿ ಯಾವ ಟ್ರಾಫಿಕ್ ಇದೆ? ಹೈವೇಲಿ ಲಾರಿ ಓವರ್‌ಟೇಕ್ ಮಾಡ್ಬೇಕು, ಒತ್ತಿದ್ರೆ ಇದು ಒಂದ್ ಕ್ಷಣ ಯೋಚ್ನೆ ಮಾಡಿ ಆಮೇಲೆ ಗೇರ್ ಇಳಿಸುತ್ತೆ. ಆ ಒಂದ್ ಕ್ಷಣ ನಂಗೆ ಭಯ. ಗೇರ್ ನಾನೇ ಹಾಕಿದ್ರೆ, ಅದು ಯಾವಾಗ ಹಿಡಿಯುತ್ತೆ ಅಂತ ನಂಗೆ ಗೊತ್ತಿರುತ್ತೆ."

ಆ ಹುಡುಗ ಬಿಡ್ಲಿಲ್ಲ, "ಅಕ್ಕ, ಎಸ್, ಅಂದ್ರೆ ಸ್ಪೋರ್ಟ್ ಮೋಡಿಗೆ ಹಾಕಿ ನೋಡಿ" ಅಂದ. ಅವಳು ಟೌನಿನ ತನಕ ಎಸ್‌ನಲ್ಲೇ ಓಡಿಸಿದ್ಳು. ಆರ್‌ಪಿಎಂ ಮೇಲೇ ಇಟ್ಕೊಂಡಿರುತ್ತೆ, ಒತ್ತಿದ ತಕ್ಷಣ ಹೋಗುತ್ತೆ, ಚೆನ್ನಾಗಿದೆ ಅಂದ್ಳು, ಆದ್ರೆ ದಿನಾ ಅದರಲ್ಲೇ ಓಡಿಸಿದ್ರೆ ಪೆಟ್ರೋಲ್ ಬಿಲ್ ಯಾರು ಕಟ್ತಾರೆ ಅಂತಾನೂ ಕೇಳಿದ್ಳು.

ಅದರ ಮೇಲೆ ಬಾಮೈದ ಇನ್ನೊಂದು ಮಾತು ಹೇಳ್ದ. ಮ್ಯಾನ್ಯುವಲಲ್ಲಿ ಕ್ಲಚ್ ಹೋದ್ರೆ ಹಾಸನದಲ್ಲೇ ಗೇರ್‌ಬಾಕ್ಸ್ ಇಳಿಸಿ ಹಾಕಿಕೊಡೋ ಮೆಕ್ಯಾನಿಕ್ ಇದಾರೆ, ಖರ್ಚು ಎಷ್ಟಾಗುತ್ತೆ ಅಂತ ಮೊದ್ಲೇ ಕೇಳ್ಕೋಬಹುದು. ಆಟೋಮ್ಯಾಟಿಕ್ ಒಳಗೆ ಏನಾದ್ರೂ ಆದ್ರೆ ಬೆಂಗಳೂರೋ ಮಂಗಳೂರೋ ಸುತ್ತಬೇಕು. ಹಳೇ ಕಾರು, ವಾರಂಟಿ ಇಲ್ಲ, ಇದನ್ನ ನಾನು ಯೋಚ್ನೆ ಮಾಡಿದ್ದೆ, ಆದ್ರೆ ಹತ್ತುವಾಗ ಮರೆತುಹೋಗಿತ್ತು. ಆಟೋಮ್ಯಾಟಿಕ್‌ಗೆ 80 ಸಾವಿರ ಜಾಸ್ತಿ ಬೇರೆ ಹೇಳ್ತಿದ್ದ ಹುಡುಗ.

ದಿನಾ ಬೆಂಗಳೂರು ಟ್ರಾಫಿಕ್ಕಲ್ಲಿ ಓಡಾಡೋನಾಗಿದ್ರೆ ನಾನು ಆ ಜಿಟಿನ ಅಲ್ಲೇ ಅಡ್ವಾನ್ಸ್ ಕೊಟ್ಟು ತರ್ತಿದ್ದೆ, ಎರಡನೇ ಮಾತೇ ಇಲ್ಲ, ಅಷ್ಟು ಚೆನ್ನಾಗಿ ಇಟ್ಕೊಂಡಿದ್ದ. ಹುಡುಗನಿಗೆ ಇದ್ದದ್ದು ಇದ್ದಂಗೆ ಹೇಳಿ, ಕಾಫಿ ಕುಡಿದು ಹೊರಟ್ವಿ. ಅವನಮ್ಮ ಒಂದು ಪೊಟ್ಟಣ ಕಾಫಿಪುಡಿ ಕಟ್ಟಿಕೊಟ್ರು.

ವಾಪಸ್ ಬರೋವಾಗ ನಾನು ಡ್ರೈವರ್ ಸೀಟಿನ ಹತ್ರ ಹೋದ್ರೆ ಅವಳು ಆಗ್ಲೇ ಕೂತು ಸೀಟ್ ಮುಂದಕ್ಕೆ ಎಳ್ಕೊಂಡಿದ್ಳು. ಊರಾಚೆ ಒಂದು ಲಾರಿ ಸಿಕ್ತು, ಹಿಂದೆ ಸ್ವಲ್ಪ ದೂರ ಕಾದ್ಳು, ರೋಡ್ ಕಾಣಿಸ್ತಿದ್ದಂಗೆ ನಾಲ್ಕರಿಂದ ಮೂರಕ್ಕೆ ಎಳೆದ್ಳು, ಇಂಜಿನ್ ಒಂದ್ಸಲ ಗುರ್ ಅಂತು, ನಾನು ಬಾಯ್ತೆರೆಯೋ ಹೊತ್ತಿಗೆ ಲಾರಿ ಕನ್ನಡಿಯಲ್ಲಿತ್ತು. ಬೇಲೂರಲ್ಲಿ ಮತ್ತೆ ಟೀ ಕುಡಿದ್ವಿ, ಅಲ್ಲಿಂದಲೇ ಆಫೀಸಿನವ್ರಿಗೆ ಫೋನ್ ಮಾಡಿ ಕಾರು ನಮಗೇ ಇರ್ಲಿ ಸಾರ್ ಅಂದೆ. ಹಾಸನ ಬರೋ ತನಕ ಕೀ ನನ್ ಕೈಗೆ ಬರ್ಲಿಲ್ಲ.