ಐದು ಬೆರಳು ಎತ್ತಿದ ಕೈಗವಸು

ಒಂಬತ್ತು ವರ್ಷ ನಿಂತಲ್ಲೇ ನಿಂತ ಕಾರಿನ ಬಾನೆಟ್ ಎತ್ತಿದರೆ ಕಣ್ಣಿಗಿಂತ ಮೊದಲು ಮೂಗಿಗೆ ಸಮಾಚಾರ ಮುಟ್ಟುತ್ತದೆ. ಹಳಸಿದ ಪೆಟ್ರೋಲು ಪೆಟ್ರೋಲಿನ ಹಾಗೆ ನಾರುವುದಿಲ್ಲ. ಬಾಗಿಲಿಗೆ ಬಳಿಯುವ ವಾರ್ನಿಷ್‌ನ ಹಾಗೆ ಗಂಟಲಿಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಇಲಿಯ ಘಾಟು. ಏರ್ ಫಿಲ್ಟರ್ ಡಬ್ಬಿಯಲ್ಲಿ ಒಂದು ಇಲಿ ಸಂಸಾರ ಹೂಡಿ, ಮಕ್ಕಳನ್ನು ಸಾಕಿ, ಮನೆ ಖಾಲಿ ಮಾಡಿಕೊಂಡು ಹೋಗಿತ್ತು. ಸೀಟಿನ ಸ್ಪಂಜು, ಬಟ್ಟೆಯ ಎಳೆ, ಫಿಲ್ಟರಿನ ಕಾಗದವನ್ನೇ ಕಡಿದು ಮಾಡಿದ ಹಾಸಿಗೆ. ಅದನ್ನೆಲ್ಲ ಚಿಮಟದಲ್ಲಿ ಎಳೆ ಎಳೆಯಾಗಿ ತೆಗೆದೆ. ಆ ಡಬ್ಬಿ ದಾಟಿದ ಗಾಳಿ ಮುಂದೆ ಸೇರುವುದು ಟರ್ಬೋದ, ಅಂದರೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರದ, ಕಂಪ್ರೆಸರ್ ಚಕ್ರವನ್ನು. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಆ ತೆಳು ಅಲ್ಯೂಮಿನಿಯಂ ರೆಕ್ಕೆಗಳಿಗೆ ಒಂದು ಗಟ್ಟಿ ಚೂರು ಬಡಿದರೂ ಸಾಕು, ಕಥೆ ಮುಗಿಯುತ್ತದೆ.

ಕಾರು 1980ರ ದಶಕದ ಕೊನೆಯ ವೋಲ್ವೋ 740 ಟರ್ಬೋ. ಪಟ್ಟಿ ಇಟ್ಟು ಗೆರೆ ಎಳೆದು ಮಾಡಿದಂಥ ಚೌಕಾಕಾರ. ಎಂಜಿನ್ 2.3 ಲೀಟರ್, ನಾಲ್ಕು ಸಿಲಿಂಡರ್, ಎಂಟು ವಾಲ್ವ್, ಕಬ್ಬಿಣದ ಬ್ಲಾಕ್. ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಆಡಿಸುವ ಇದರ ಟೈಮಿಂಗ್ ಬೆಲ್ಟ್ ತುಂಡಾದರೂ ಪಿಸ್ಟನ್ನು ಹೋಗಿ ವಾಲ್ವಿಗೆ ಗುದ್ದುವುದಿಲ್ಲ. ನನ್ನಂಥ ಭಾನುವಾರದ ಮೆಕ್ಯಾನಿಕ್ಕಿಗೆ ಇದಕ್ಕಿಂತ ದೊಡ್ಡ ಕರುಣೆ ಬೇಕಿಲ್ಲ. ಹಿಂದಿನ ಮಾಲೀಕರು ಇದನ್ನು ನಿಲ್ಲಿಸಿದ್ದು ಒಂದೇ ಒಂದು ಮಾತಿಗೆ: 'ಟರ್ಬೋ ಹೋಗಿದೆ.' ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದಿದೆ, ಯಾರೋ ಹಾಗೆಂದಿದ್ದಾರೆ, ಇವರು ನಂಬಿದ್ದಾರೆ, ಕಾರಿಗೆ ಹೊದಿಕೆ ಹೊದಿಸಿದ್ದಾರೆ.

ಇಷ್ಟು ಹೇಳುತ್ತಿದ್ದ ಹಾಗೆ ನನ್ನ ಗೆಳೆಯನೂ ಅದನ್ನೇ ಅಂದ. "ಇದರಲ್ಲಿ ನೋಡುವುದೇನಿದೆ ಮಾರಾಯ? ಟರ್ಬೋ ಹೋಗಿದೆ. ಬೇರೆ ತಂದು ಹಾಕು." ಇವನು ತನ್ನ ಸ್ವಂತ ಕಾರಿಗೆ ಈಗಾಗಲೇ ಎರಡು ಸಲ ಟರ್ಬೋ ಬದಲಿಸಿದವನು. ಅನುಭವಸ್ಥ ಎಂದು ಅವನು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಎರಡು ಸಲ ಯಾಕೆ ಬದಲಿಸಬೇಕಾಯಿತು ಎಂದು ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ.

ಮೊದಲ ದಿನ ಬೀಗದ ಕೈಯನ್ನು ಮುಟ್ಟಲಿಲ್ಲ. ಇಷ್ಟು ವರ್ಷ ಒಣಗಿದ ಸಿಲಿಂಡರಿನಲ್ಲಿ ಸೆಲ್ಫ್ ಹೊಡೆಯುವುದೆಂದರೆ ಪಿಸ್ಟನ್ನಿನ ಸುತ್ತ ಕೂತ ರಿಂಗುಗಳನ್ನು ತುಕ್ಕಿನ ಮೇಲೆ ಉಜ್ಜಿದ ಹಾಗೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ತೂತುಗಳಿಗೆ ತೆಳು ಎಣ್ಣೆ ಬಿಟ್ಟು, ಚಿಂದಿ ಬಟ್ಟೆ ಮುಚ್ಚಿ ಒಂದು ವಾರ ಹಾಗೇ ಬಿಟ್ಟೆ. ಆಮೇಲೆ ಕ್ರ್ಯಾಂಕಿನ ದೊಡ್ಡ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿದೆ. ಮೊದಲು ಗೋಡೆಯನ್ನು ತಳ್ಳಿದಂತೆ ಇತ್ತು. ಬಲ ಹಾಕಲಿಲ್ಲ, ತೂಕ ಬಿಟ್ಟು ಕಾದೆ. ಒಂದು ಸಣ್ಣ 'ಚರ್' ಸದ್ದಾಗಿ ಕಾಲು ಸುತ್ತು ಬಂತು. ಎರಡು ಪೂರ್ತಿ ಸುತ್ತು ಬರುವಷ್ಟರಲ್ಲಿ ನನ್ನ ಅಂಗೈ ಕೆಂಪಾಗಿತ್ತು, ಮುಖ ಅದಕ್ಕಿಂತ ಹೆಚ್ಚು ಅರಳಿತ್ತು.

ಪೆಟ್ರೋಲ್ ಟ್ಯಾಂಕು, ಪಂಪು, ಇಂಜೆಕ್ಟರು, ರೇಡಿಯೇಟರಿನ ತುಕ್ಕು ನೀರು: ಇವುಗಳ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಬಿಚ್ಚು, ತೊಳೆ, ಬೈದುಕೊ, ಜೋಡಿಸು.

ಟರ್ಬೋ ಮುಂದೆ ಮಾತ್ರ ಸ್ಟೂಲ್ ಹಾಕಿಕೊಂಡು ಕುಳಿತೆ. ಗಾಳಿಯ ಹೋಸ್ ಬಿಚ್ಚಿ ಕಂಪ್ರೆಸರ್ ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ. ಆಚೆ ಈಚೆ ಸ್ವಲ್ಪ ಆಡಿತು. ಇಲ್ಲೇ ಬಹಳ ಮಂದಿ ಎದೆ ಒಡೆದುಕೊಂಡು ಹೊಸ ಟರ್ಬೋಗೆ ಹೊರಡುವುದು. ಆದರೆ ಈ ಬಗೆಯ ಟರ್ಬೋದ ಬೇರಿಂಗಿನಲ್ಲಿ ಗುಂಡುಗಳಿಲ್ಲ. ಬರಿಯ ಲೋಹದ ಬಳೆಗಳಿವೆ. ಎಂಜಿನ್ ಓಡುವಾಗ ಒತ್ತಡದಿಂದ ಬರುವ ಎಣ್ಣೆ ಬಳೆಯ ಒಳಗೂ ಹೊರಗೂ ತುಂಬಿಕೊಂಡು ಶಾಫ್ಟು ಆ ಎಣ್ಣೆಯ ಪದರದ ಮೇಲೆ ತೇಲುತ್ತದೆ. ಎಣ್ಣೆಗೆಂದು ಬಿಟ್ಟ ಆ ಜಾಗ, ಎಣ್ಣೆ ಇಲ್ಲದಾಗ ನಮ್ಮ ಬೆರಳಿಗೆ ಆಟವಾಗಿ ತಿಳಿಯುತ್ತದೆ, ಅಷ್ಟೇ. ನೋಡಬೇಕಾದದ್ದು ಎರಡು: ಪಕ್ಕಕ್ಕೆ ಒತ್ತಿ ತಿರುಗಿಸಿದಾಗ ರೆಕ್ಕೆಗಳು ಗೂಡಿನ ಗೋಡೆಗೆ ತಾಗುತ್ತವೆಯೇ, ಮತ್ತು ಶಾಫ್ಟು ಉದ್ದಕ್ಕೆ ಒಳಗೆ ಹೊರಗೆ ಸರಿಯುತ್ತದೆಯೇ. ತಾಗಲಿಲ್ಲ. ಉದ್ದಕ್ಕೆ ನನ್ನ ಬೆರಳಿಗೆ ತಿಳಿಯುವಷ್ಟು ಚಲನೆಯೇ ಇರಲಿಲ್ಲ. ರೆಕ್ಕೆಗಳ ಅಂಚು ಒಂದೂ ಮುಕ್ಕಾಗಿರಲಿಲ್ಲ. ಹೋಗಿದೆ ಎನಿಸಿಕೊಂಡ ಟರ್ಬೋ ಒಂಬತ್ತು ವರ್ಷ ಹೊದಿಕೆಯಡಿ ಕುಳಿತು ಯಾರಾದರೂ ತನ್ನನ್ನು ಕೇಳಲಿ ಎಂದು ಕಾಯುತ್ತಿತ್ತು.

ಆದರೆ ಅದಕ್ಕೆ ಎಣ್ಣೆ ತರುವ ಸಣ್ಣ ಪೈಪು ಬೇರೆಯೇ ಕಥೆ ಹೇಳಿತು. ಬಿಚ್ಚಿ ಬಾಯಿಟ್ಟು ಊದಿದರೆ ಗಾಳಿ ಹೋಗಲೇ ಇಲ್ಲ. ತಂತಿ ತೂರಿಸಿದಾಗ ಕಪ್ಪು ಹಕ್ಕಳೆ ಉದುರಿತು, ತಳ ಹಿಡಿದ ಪಾತ್ರೆಯನ್ನು ಕೆರೆದ ಹಾಗೆ. ಜೋರಾಗಿ ಓಡಿಸಿಕೊಂಡು ಬಂದು ತಟ್ಟನೆ ಎಂಜಿನ್ ಆರಿಸಿದರೆ ಆಗುವುದೇ ಇದು. ಎಣ್ಣೆಯ ಹರಿವು ನಿಂತುಬಿಡುತ್ತದೆ, ಹೊಗೆ ತಿರುಗಿಸುವ, ಕಾದು ಕೆಂಪಾದ ಟರ್ಬೈನ್ ಚಕ್ರದ ಶಾಖ ನಿಲ್ಲುವುದಿಲ್ಲ. ಒಳಗೆ ಉಳಿದ ಎಣ್ಣೆ ಅಲ್ಲೇ ಬೆಂದು ಇದ್ದಿಲಾಗುತ್ತದೆ. ಆ ಪೈಪನ್ನು ತೊಳೆದು ಹಾಕುವ ಜಿಪುಣತನ ಮಾಡಲಿಲ್ಲ. ಒಂದು ಹಕ್ಕಳೆ ಒಳಗೇ ಉಳಿದು ಬೇರಿಂಗಿಗೆ ಇಳಿದರೆ, 'ಟರ್ಬೋ ಹೋಗಿದೆ' ಎಂಬ ಮಾತನ್ನು ನಾನೇ ನಿಜ ಮಾಡಿದಂತಾಗುತ್ತಿತ್ತು. ಹೊಸ ಪೈಪು, ಹೊಸ ಫಿಲ್ಟರು, ಹೊಸ ಎಣ್ಣೆ. ಪೈಪು ಕೂರಿಸುವ ಮುನ್ನ ಟರ್ಬೋದ ಎಣ್ಣೆಯ ಬಾಯಿಗೆ ಪಿಚಕಾರಿಯಲ್ಲಿ ಎಣ್ಣೆ ತುಂಬಿ ಚಕ್ರವನ್ನು ಬೆರಳಿನಿಂದ ತಿರುಗಿಸಿದೆ. ಬೆರಳು ತೆಗೆದ ಮೇಲೂ ಅದು ಇನ್ನೊಂದು ಸುತ್ತು ತಾನಾಗಿಯೇ ಜಾರಿ ನಿಂತಿತು.

ಪ್ಲಗ್ ಇಲ್ಲದೆ, ಪೆಟ್ರೋಲ್ ಇಲ್ಲದೆ, ಎಣ್ಣೆಯ ಕೆಂಪು ದೀಪ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದೆ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಒತ್ತಿಕೊಂಡ ಗಾಳಿಯ ಒತ್ತಡ, ಅಳೆದಾಗ ಮೂರು ಸಿಲಿಂಡರ್ ಒಂಬತ್ತು ಬಾರ್ ದಾಟಿದವು, ಮೂರನೆಯದು ಮಾತ್ರ 6.2ಕ್ಕೆ ನಿಂತಿತು. ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದರೆ 8.8. ಎಣ್ಣೆ ಬಿಟ್ಟಾಗ ಏರಿತೆಂದರೆ ಸೋರಿಕೆ ರಿಂಗಿನಲ್ಲಿ, ವಾಲ್ವಿನಲ್ಲಲ್ಲ. ಅಂಟಿಕೊಂಡ ರಿಂಗು ಬಿಸಿಗೆ ಬಿಡಿಸಿಕೊಳ್ಳಬಹುದು ಎಂದು ಮುಂದುವರಿದೆ.

ಮೂರನೆಯ ಪ್ರಯತ್ನಕ್ಕೆ ಎಂಜಿನ್ ಹತ್ತಿಕೊಂಡಿತು. ಮೊದಲು ಮೂರು ಸಿಲಿಂಡರಿನ ಕುಂಟು ನಡೆ, ಒಂದು ನಿಮಿಷದ ಮೇಲೆ ನಾಲ್ಕನೆಯದೂ ಸೇರಿಕೊಂಡಿತು. ಆ ಸದ್ದು ಕೇಳಿ ನಾನು ಒಬ್ಬನೇ ನಗುತ್ತಾ ನಿಂತಿದ್ದೆ. ನಗು ಐದು ನಿಮಿಷ ಉಳಿಯಿತು. ಆಮೇಲೆ ಹೊಗೆ ಶುರುವಾಯಿತು. ಸಿಲಿಂಡರಿಗೆ ಬಿಟ್ಟ ಎಣ್ಣೆ ಉರಿಯುತ್ತಿದೆ, ಈಗ ನಿಂತೀತು ಎಂದುಕೊಂಡೆ. ನಿಲ್ಲಲಿಲ್ಲ. ಕಾರು ನಿಂತಲ್ಲೇ ಎಂಜಿನ್ ಓಡುತ್ತಾ ಹೋದಷ್ಟೂ ಹೊಗೆ ದಟ್ಟವಾಯಿತು. ಹಿಂದಿನ ಗೋಡೆ ಕಾಣದಾಯಿತು. ಗೆಳೆಯನಿಗೆ ವಿಡಿಯೋ ಕಳಿಸಿದ್ದು ನನ್ನ ತಪ್ಪು. ಅವನ ಉತ್ತರದಲ್ಲಿ ಒಂದೇ ಪದ: "ಹೇಳಿದೆನಲ್ಲ."

ಆ ರಾತ್ರಿ ಮನಸ್ಸು ಸ್ವಲ್ಪ ಸೋತದ್ದು ನಿಜ. ಟರ್ಬೋ ಮಾರುವವರ ಪುಟಗಳನ್ನು ತೆರೆದು ನೋಡಿದೆ ಕೂಡ. ಆದರೆ ಆ ಶಾಫ್ಟನ್ನು ನನ್ನ ಬೆರಳು ಮುಟ್ಟಿತ್ತು. ಬೆರಳಿಗೆ ಗೊತ್ತಿದ್ದುದನ್ನು ಹೊಗೆ ಸುಳ್ಳಾಗಿಸಲು ಬಿಡಬಾರದು ಅನ್ನಿಸಿತು.

ಟರ್ಬೋ ಒಳಗಿನ ಎಣ್ಣೆಯನ್ನು ತಡೆಯುವುದು ರಬ್ಬರಿನ ಸೀಲಲ್ಲ, ಪಿಸ್ಟನ್ ರಿಂಗಿನಂಥ ಪುಟ್ಟ ಲೋಹದ ಉಂಗುರಗಳು. ಅವು ಬಿಗಿ ಮುಚ್ಚಳವಲ್ಲ. ಎಣ್ಣೆ ಮೇಲಿನಿಂದ ಒತ್ತಡದಲ್ಲಿ ಬಂದರೂ ಕೆಳಗಿನ ದಪ್ಪ ಪೈಪಿನಿಂದ ಎಂಜಿನ್ನಿಗೆ ವಾಪಸು ಇಳಿಯುವುದು ತನ್ನ ಭಾರದಿಂದಲೇ. ಇಳಿಯುವ ದಾರಿ ಬಿಡುವಾಗಿದ್ದರೆ ಉಂಗುರಗಳ ಕೆಲಸ ಹಗುರ. ಕೆಳಗೆ ತಡೆಯಾದರೆ ಎಣ್ಣೆ ಟರ್ಬೋದ ಹೊಟ್ಟೆಯಲ್ಲಿ ತುಂಬಿ, ಉಂಗುರ ದಾಟಿ ಸೈಲೆನ್ಸರಿಗೂ, ಟರ್ಬೋ ತುಂಬಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿಗೂ ನುಗ್ಗುತ್ತದೆ. ಆಗ ಹೊಗೆ ಬರುವುದು ಟರ್ಬೋದಿಂದಲೇ, ತಪ್ಪು ಮಾತ್ರ ಟರ್ಬೋದ್ದಲ್ಲ. ಇಳಿಯುವ ಪೈಪು ಶುಚಿಯಾಗಿತ್ತು, ನಾನೇ ನೋಡಿದ್ದೆ. ಹಾಗಾದರೆ ಅದು ಇಳಿಯುವ ಜಾಗದಲ್ಲೇ, ಎಂಜಿನ್ನಿನ ಹೊಟ್ಟೆಯಲ್ಲೇ, ಗಾಳಿ ಕಟ್ಟಿಕೊಂಡಿದ್ದರೆ?

ಮರುದಿನ ಎಂಜಿನ್ ಚಾಲೂ ಮಾಡಿ ಎಣ್ಣೆ ತುಂಬುವ ಮುಚ್ಚಳ ತೆಗೆದು, ಕೊಳೆ ಕೆಲಸಕ್ಕೆ ಹಾಕಿಕೊಳ್ಳುವ ತೆಳು ರಬ್ಬರ್ ಕೈಗವಸನ್ನು ಆ ಬಾಯಿಗೆ ಎಳೆದು ಕಟ್ಟಿದೆ. ಮೊದಲು ಅದು ಸೋತು ಬಿದ್ದಿತ್ತು. ನಂತರ ಹೆಬ್ಬೆರಳು ಮಿಡುಕಿತು. ತೋರುಬೆರಳು ನೆಟ್ಟಗಾಯಿತು. ಒಂದೊಂದಾಗಿ ಐದೂ ಬೆರಳು ಎದ್ದು, ಅಂಗೈ ಉಬ್ಬಿ, ಬಾನೆಟ್ ಕೆಳಗಿನಿಂದ ಯಾರೋ 'ನಿಲ್ಲು' ಎಂದು ಕೈ ತೋರಿಸಿದ ಹಾಗೆ ಕೈಗವಸು ನಡುಗುತ್ತಾ ನಿಂತಿತು. ನಾನು ಎಂಜಿನ್ ಆರಿಸಿದೆ. ಇಂಥ ಸ್ಪಷ್ಟ ಉತ್ತರವನ್ನು ಯಾವ ಯಂತ್ರವೂ ನನಗೆ ಈವರೆಗೆ ಕೊಟ್ಟಿರಲಿಲ್ಲ.

ಎಷ್ಟೇ ಹೊಸ ಎಂಜಿನ್ನಾದರೂ ರಿಂಗುಗಳ ಪಕ್ಕದಿಂದ ಒಂದಿಷ್ಟು ಅನಿಲ ಕೆಳಗೆ ನುಸುಳುತ್ತದೆ. ಅದು ಹೊರಬೀಳಲು ಉಸಿರಿನ ದಾರಿ ಬೇಕು. ಈ ಎಂಜಿನ್ನಿನಲ್ಲಿ ಆ ದಾರಿ ಬ್ಲಾಕಿನ ಬದಿಯಲ್ಲಿ, ಗಾಳಿಯ ಮ್ಯಾನಿಫೋಲ್ಡ್ ಅಡಿಯಲ್ಲಿ ಅಡಗಿದ ಒಂದು ಪ್ಲಾಸ್ಟಿಕ್ ಡಬ್ಬಿ. ಅನಿಲದಿಂದ ಎಣ್ಣೆಯ ಹನಿಗಳನ್ನು ಬೇರ್ಪಡಿಸಿ ಎಣ್ಣೆಯನ್ನು ಕೆಳಕ್ಕೂ ಅನಿಲವನ್ನು ಟರ್ಬೋದ ಗಾಳಿಯ ದಾರಿಗೂ ಕಳಿಸುವುದು ಅದರ ಉದ್ಯೋಗ. ಅದನ್ನು ತೆಗೆಯಲು ಕೈ ತೂರುವುದು ಕಷ್ಟ. ಕಣ್ಣು ತೂರುವುದು ಅಸಾಧ್ಯ. ಬೋಲ್ಟನ್ನು ಬೆರಳಿನ ನೆನಪಿನಿಂದಲೇ ಬಿಚ್ಚಬೇಕು. ಹೊರಗೆ ತಂದು ತಲೆಕೆಳಗು ಮಾಡಿದೆ. ಏನೂ ಬೀಳಲಿಲ್ಲ. ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ಒಣಗಿದ ಡಾಂಬರಿನಂಥ ಕಪ್ಪು ಹೆಂಟೆ. ಅದಕ್ಕೆ ಸೇರುವ ಹೋಸು ಒಳಗಿನಿಂದ ಎಷ್ಟು ತುಂಬಿತ್ತೆಂದರೆ ಪೆನ್ಸಿಲ್ ಕೂಡ ಹೋಗುತ್ತಿರಲಿಲ್ಲ. ಎಣ್ಣೆ ಬದಲಿಸದೆ ಎಳೆದ ವರ್ಷಗಳೆಲ್ಲ ಅಲ್ಲಿ ಪದರ ಪದರವಾಗಿ ಕುಳಿತಿದ್ದವು. ಒಂದು ಸುಂದರ ಕಾರನ್ನು ಒಂಬತ್ತು ವರ್ಷ ಮಲಗಿಸಿದ್ದು ಇದು. ಅಂಗೈ ಅಗಲದ ಕೊಳಕು.

ಟರ್ಬೋ ಕಾರುಗಳ ಹಣೆಬರಹವೇ ಇದು ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ ಹೊರಹೋಗುವ ಹೊಗೆಯಿಂದಲೇ ಗಾಳಿ ತುಂಬಿಸುವ ಈ ಉಪಾಯಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಮಾರುಕಟ್ಟೆಗೆ ಬಂದ ಮೊದಲ ಟರ್ಬೋ ಕಾರುಗಳಲ್ಲಿ ಒಂದಾದ 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಆಗಾಗ ತುಂಬಬೇಕಿತ್ತು. ಅದು ಮುಗಿದರೆ ಕಾರು ತಾನಾಗಿಯೇ ಶಕ್ತಿ ತಗ್ಗಿಸಿಕೊಳ್ಳುತ್ತಿತ್ತು. ಎಷ್ಟೋ ಮಾಲೀಕರು ದ್ರವ ತುಂಬುವ ಗೋಜಿಗೇ ಹೋಗಲಿಲ್ಲ. ಕೊನೆಗೆ ಹಲವು ಕಾರುಗಳ ಟರ್ಬೋವನ್ನೇ ಕಿತ್ತು ಮಾಮೂಲಿ ಕಾರ್ಬುರೇಟರ್ ಕೂರಿಸಲಾಯಿತು. ಅಂದಿನಿಂದ ಇಂದಿನವರೆಗೆ ಟರ್ಬೋ ಬಿದ್ದು ಸಾಯುವುದಕ್ಕಿಂತ ಆರೋಪ ಹೊತ್ತು ಸಾಯುವುದೇ ಹೆಚ್ಚು ಎಂಬುದು ನನ್ನ ಖಾಸಗಿ ಅನುಮಾನ.

ಹೊಸ ಡಬ್ಬಿ, ಹೊಸ ಹೋಸು. ಇಂಟರ್‌ಕೂಲರ್ ಬಿಚ್ಚಿ ಓರೆ ಮಾಡಿದಾಗ ಒಂದು ಲೋಟ ಎಣ್ಣೆ ಸುರಿಯಿತು. ಎಂಜಿನ್ ಚಾಲೂ ಮಾಡಿ ಮತ್ತೆ ಕೈಗವಸು ಕಟ್ಟಿದೆ. ಈ ಸಲ ಬೆರಳುಗಳು ಏಳಲಿಲ್ಲ. ನಿಧಾನವಾಗಿ ಅಂಗೈ ಒಳಕ್ಕೆ ಎಳೆದುಕೊಂಡಿತು. ಸೈಲೆನ್ಸರಿನಲ್ಲಿ ಮೊದಲೇ ನಿಂತಿದ್ದ ಎಣ್ಣೆ ಉರಿದು ತೀರಲು ಇಪ್ಪತ್ತು ನಿಮಿಷ ಬೇಕಾಯಿತು. ಆಮೇಲೆ ಗೋಡೆ ಕಂಡಿತು.

ಓಡಿಸಿದಾಗ ಇನ್ನೊಂದು ರಗಳೆ. ಟರ್ಬೋ ತುಂಬುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮುಳ್ಳು ಏಳುತ್ತಿರಲಿಲ್ಲ, ಒತ್ತಿದರೆ ಕಪ್ಪು ಹೊಗೆ. ನೀಲಿಯಾದರೆ ಎಣ್ಣೆ, ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ ಎಂದು ಅರ್ಥ. ಒಳಬಂದ ಗಾಳಿಯನ್ನು ಮೀಟರು ಅಳೆದು ಅದಕ್ಕೆ ತಕ್ಕಷ್ಟು ಪೆಟ್ರೋಲು ಬಿಡಿಸುತ್ತದೆ. ಅಳೆದಾದ ಮೇಲೆ ಗಾಳಿ ದಾರಿಯಲ್ಲಿ ಸೋರಿದರೆ ಪೆಟ್ರೋಲು ಮಾತ್ರ ಉಳಿಯುತ್ತದೆ. ಪ್ಲಾಸ್ಟಿಕ್ ಪೈಪಿನ ಮುಚ್ಚಳಕ್ಕೆ ಟ್ಯೂಬಿನ ವಾಲ್ವ್ ಕೂರಿಸಿ, ಅದನ್ನು ಟರ್ಬೋದ ಬಾಯಿಗೆ ಬಿಗಿದು, ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ, ಹೋಸುಗಳಿಗೆಲ್ಲ ಸೋಪಿನ ನೊರೆ ಹಚ್ಚಿದೆ. ಇಂಟರ್‌ಕೂಲರ್ ಕೆಳಗಿನ ಹೋಸಿನ ಮಡಿಕೆಯಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಗುಳ್ಳೆ ಎದ್ದವು. ಅದನ್ನು ಬದಲಿಸಿದ ಮೇಲೆ ಮುಳ್ಳು ಅರ್ಧ ಬಾರಿನ ಹತ್ತಿರ ಹೋಗಿ ನಿಲ್ಲುತ್ತಿದೆ. ಮೂರನೆಯ ಸಿಲಿಂಡರೂ 9.1ಕ್ಕೆ ಬಂದಿದೆ.

ಮೊನ್ನೆ ಗೆಳೆಯ ಬಂದ. ಒಂದು ಸುತ್ತು ಓಡಿಸಿದ, ಮಾತಾಡಲಿಲ್ಲ. ಹಿಂದಿರುಗಿದ ಮೇಲೆ ಎರಡು ನಿಮಿಷ ಎಂಜಿನ್ ಆರಿಸದೆ ಕುಳಿತಿದ್ದಾಗ, "ಯಾಕೆ ಆರಿಸುವುದಿಲ್ಲ?" ಎಂದು ಕೇಳಿದ. ಬೆಂದ ಎಣ್ಣೆಯ ಪೈಪನ್ನು ಕಪಾಟಿನಿಂದ ತೆಗೆದು ಅವನ ಕೈಗೆ ಕೊಟ್ಟೆ. ಬಹಳ ಹೊತ್ತು ಅದರೊಳಗೆ ಇಣುಕಿದ. ಆಮೇಲೆ ಮೊಳೆಗೆ ನೇತು ಹಾಕಿದ್ದ ಕೈಗವಸಿನ ಕಡೆ ನೋಡಿ, ಆದಷ್ಟು ಸಹಜವಾದ ದನಿಯಲ್ಲಿ ಕೇಳಿದ: "ಅದನ್ನು ಒಂದು ದಿನದ ಮಟ್ಟಿಗೆ ಕೊಡುತ್ತೀಯಾ? ನನ್ನದು ಮತ್ತೆ ಸ್ವಲ್ಪ ಹೊಗೆ ಬಿಡುತ್ತಿದೆ."